ನಿಮಗಿದು ಗೊತ್ತೆ? ನಿಜಾಮರ ನೋಟಿನಲ್ಲೂ ಕನ್ನಡವಿತ್ತು!
ಹೈದರಾಬಾದ್ ನಿಜಾಮರ ನೋಟುಗಳಲ್ಲೂ ಕನ್ನಡವಿತ್ತು. ರಾಯಚೂರು, ಕಲಬುರಗಿ, ಬೀದರ್ ಆ ಸಂಸ್ಥಾನಕ್ಕೆ ಸೇರಿದ್ದವು. ಹಾಗಾಗಿ 1918ರಿಂದ ಹೊರಬಂದ ಈ ನೋಟುಗಳಲ್ಲಿ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮೊತ್ತ ಅಚ್ಚಾಗುತ್ತಿತ್ತು. ಇಂದು ಅವಕ್ಕೆ ಅಂಗಡಿಯಲ್ಲಿ ಬೆಂಕಿಪೊಟ್ಟಣವೂ ಸಿಗದು. ಆದರೂ ಅಪರೂಪದ ನೋಟಿಗೆ ಸಂಗ್ರಾಹಕರು ಮುಖಬೆಲೆಯ ಹಲವು ಪಟ್ಟು ಕೊಡುತ್ತಾರೆ. ಇದಕ್ಕೆ ಕಾರಣ ನೋಟಿನ ವಯಸ್ಸಲ್ಲ, ಉಳಿದಿರುವ ಸಂಖ್ಯೆ. ಅಮೆರಿಕದ ನೋಟುಗಳೇ ಇದಕ್ಕೆ ಸಾಕ್ಷಿ. 1863ರಿಂದ 1935ರವರೆಗೆ ಅಲ್ಲಿನ ಸಾವಿರಾರು ನ್ಯಾಷನಲ್ ಬ್ಯಾಂಕುಗಳು ತಮ್ಮ ಹೆಸರು, ಊರು ಅಚ್ಚಾದ ನೋಟು ಹೊರಡಿಸಿದವು. ಮಹಾನಗರದ ದೊಡ್ಡ ಬ್ಯಾಂಕಿನ ನೋಟು ಸಾಕಷ್ಟು ಉಳಿದಿದೆ. ನಮ್ಮ ಮಲೆನಾಡಿನ ಕಿಗ್ಗದಷ್ಟು ಪುಟ್ಟ ಊರಿನದ್ದಾದರೆ ಉಳಿದದ್ದು ಬೆರಳೆಣಿಕೆ, ಬೆಲೆಯೂ ಹೆಚ್ಚು.

ಹಾಗಾದರೆ ಅಜ್ಜನ ಪೆಟ್ಟಿಗೆಯ ಹಳೆಯ ನೋಟೆಲ್ಲ ಚಿನ್ನವೇ? ಅಲ್ಲ. ಹೇರಳವಾಗಿ ಉಳಿದ ನೋಟಿಗೆ ನೂರು ವರ್ಷವಾದರೂ ಬೆಲೆ ಕಡಿಮೆ. ಮಡಿಕೆ, ಹರಿದ ಅಂಚು, ಪಿನ್ನಿನ ತೂತು ಬೆಲೆಯನ್ನು ಇಳಿಸುತ್ತವೆ. ಅಂದಗಾಣಿಸಲು ತೊಳೆದು ಇಸ್ತ್ರಿ ಮಾಡಿದರೆ ಇನ್ನಷ್ಟು ನಷ್ಟ. ಸಿಕ್ಕ ನೋಟನ್ನು ಸಿಕ್ಕ ಹಾಗೆಯೇ, ಮಲೆನಾಡಿನ ತೇವ ತಾಗದಂತೆ ಜೋಪಾನ ಮಾಡಿ. ಮಾರುಕಟ್ಟೆಯಲ್ಲಿ ಬೆಲೆ ಬಾರದಿದ್ದರೂ ಅದರ ಮೇಲಿನ ಕನ್ನಡದ ಸಾಲು ನಾಡಿನ ಚರಿತ್ರೆಯ ದಾಖಲೆ.