ಸರ್ವರ್, ರನ್‌ಟೈಮ್ ಮತ್ತು ಮಾರಾಟಗಾರರ ಬೆಂಬಲ: ಒಪ್ಪಂದ ನವೀಕರಿಸುವ ಮುನ್ನ

ಲೆಕ್ಕಪತ್ರ ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ನಮ್ಮ ಸದಸ್ಯ ಬಾಂಧವರು ತಪ್ಪದೆ ಹಣ ಪಾವತಿಸುತ್ತಾರೆ. ಆ ಮೊತ್ತದಲ್ಲಿ ಎಲ್ಲವೂ ಅಡಕವಾಗಿದೆಯೆಂದು ಬಹುತೇಕರ ನಂಬಿಕೆ. ಆದರೆ ಕೆಳಗೆ ಸರ್ವರ್‌ನ ಆಪರೇಟಿಂಗ್ ಸಿಸ್ಟಂ, ಮೇಲೆ ನಮ್ಮ ತಂತ್ರಾಂಶ, ಇವೆರಡರ ನಡುವೆ ರನ್‌ಟೈಮ್ ಎಂಬ ಪದರ ಇರುತ್ತದೆ. ಕಡತ ತೆರೆಯುವುದು, ಜಾಲಸಂಪರ್ಕ ಸಾಧಿಸುವುದು ಮುಂತಾದ ಕೆಲಸಗಳಿಗೆ ತಂತ್ರಾಂಶ ರಚಿಸಿದವರು ಡಾಟ್‌ನೆಟ್, ಜಾವಾದಂತಹ ಸಿದ್ಧ ಸಾಮಗ್ರಿಯನ್ನು ಅವಲಂಬಿಸುತ್ತಾರೆ, ಅದೇ ರನ್‌ಟೈಮ್. ಮೂರಕ್ಕೂ ಬೆಂಬಲದ ಅವಧಿ ಬೇರೆ ಬೇರೆ. ಒಪ್ಪಂದವು ಸಾಮಾನ್ಯವಾಗಿ ಮೇಲಿನ ಪದರಕ್ಕೆ ಮಾತ್ರ ಅನ್ವಯಿಸುತ್ತದೆ.

ವಿಂಡೋಸ್ ಸರ್ವರ್ 2012ರ ಉದಾಹರಣೆ ನೋಡೋಣ. ಇದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ರಂದು ಮುಗಿಯಿತು. ಮರುದಿನ ಯಾವ ಸರ್ವರ್ ಕೂಡ ನಿಲ್ಲಲಿಲ್ಲ. ಬಿಲ್ಲುಗಳು ಎಂದಿನಂತೆ ಮುದ್ರಣವಾದವು. ಮೋಸ ಹೋಗುವುದು ಇಲ್ಲಿಯೇ. ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಎಂಬ ರನ್‌ಟೈಮ್ ವಿಂಡೋಸ್‌ನ ಅಂಗವೆಂದೇ ಪರಿಗಣಿತವಾಗಿದ್ದು, ಅದರ ಬೆಂಬಲವೂ ತಾನಿರುವ ವಿಂಡೋಸ್‌ನ ಅವಧಿಯನ್ನೇ ಅನುಸರಿಸುತ್ತದೆ. 4.5.2, 4.6 ಮತ್ತು 4.6.1 ಆವೃತ್ತಿಗಳ ಬೆಂಬಲವಾದರೋ 2022ರ ಏಪ್ರಿಲ್ 26ಕ್ಕೇ ಕೊನೆಗೊಂಡಿತ್ತು. 4.8.1 ಬೇಕೆಂದರೆ ಸರ್ವರ್ 2022 ಅಥವಾ ಅದರ ನಂತರದ್ದು ಬೇಕು. 2019ರಲ್ಲಿಯೂ ಅದಕ್ಕೆ ಬೆಂಬಲವಿಲ್ಲ.

ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಹಳೆಯ ಬಿಲ್ಲಿಂಗ್ ತಂತ್ರಾಂಶಗಳ ಸ್ಥಿತಿ ವಿಚಿತ್ರ. ಅದರ ರನ್‌ಟೈಮ್‌ಗೆ ವಿಂಡೋಸ್‌ನೊಡನೆ ಬೆಂಬಲ ಮುಂದುವರಿದಿದೆ. ತಂತ್ರಾಂಶ ರಚಿಸುವ ಸಲಕರಣೆಗೆ ಮಾತ್ರ 2008ರ ಏಪ್ರಿಲ್‌ನಲ್ಲಿಯೇ ಬೆಂಬಲ ನಿಂತಿತು. ಅಂದರೆ ತಂತ್ರಾಂಶ ಓಡುತ್ತದೆ, ತಿದ್ದುವವರು ಸಿಗುವುದು ಕಷ್ಟ.

ಉಚಿತ ವ್ಯವಸ್ಥೆಗಳೂ ಇದಕ್ಕೆ ಹೊರತಲ್ಲ. ಸೆಂಟ್‌ಒಎಸ್ 8 ಅನ್ನು 2029ರವರೆಗೆಂದು ನಂಬಿ ಅಳವಡಿಸಿಕೊಂಡವರಿಗೆ 2021ರ ಡಿಸೆಂಬರ್ 31ಕ್ಕೇ ಬೆಂಬಲ ನಿಂತುಹೋಯಿತು. ಒರೇಕಲ್ ಸಂಸ್ಥೆ 2023ರ ಜನವರಿಯಲ್ಲಿ ತಂದ ಜಾವಾ ಚಂದಾ ಪದ್ಧತಿಯಲ್ಲಿ ಶುಲ್ಕವನ್ನು ಒಟ್ಟು ನೌಕರರ ಸಂಖ್ಯೆಯ ಮೇಲೆ ಲೆಕ್ಕಹಾಕಲಾಗುತ್ತದೆ. ಗಣಕವನ್ನೇ ಮುಟ್ಟದ ಕಾರ್ಮಿಕನೂ ಆ ಲೆಕ್ಕಕ್ಕೆ ಬರುತ್ತಾನೆ. ಓಪನ್‌ಜೆಡಿಕೆ ಎಂಬ ಉಚಿತ ಪರ್ಯಾಯವಿದೆಯಾದರೂ, ನಿಮ್ಮ ತಂತ್ರಾಂಶದ ಮಾರಾಟಗಾರರು ಅದನ್ನು ಒಪ್ಪುತ್ತಾರೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು.

ಲೆಕ್ಕಪರಿಶೋಧಕನ ದೃಷ್ಟಿಯಿಂದ ಇದರಲ್ಲಿ ಗಂಭೀರ ವಿಷಯವೊಂದಿದೆ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳ ಕಾಲ ಸಂರಕ್ಷಿಸಬೇಕು. ಜಿಎಸ್‌ಟಿಯಲ್ಲಿ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಕೊನೆಯ ದಿನಾಂಕದಿಂದ 72 ತಿಂಗಳು. ಸರ್ವರ್ ಬದಲಿಸಿದಾಗ ಹೊಸ ರನ್‌ಟೈಮ್ ಹಳೆಯ ತಂತ್ರಾಂಶಕ್ಕೆ ಹೊಂದದಿದ್ದರೆ ದತ್ತಾಂಶ ಕೈಯಲ್ಲಿದ್ದೂ ಓದಲಾಗದು. ಬ್ಯಾಕಪ್ ಡಿಸ್ಕನ್ನು ಬೀರುವಿನಲ್ಲಿ ಇಟ್ಟುಕೊಂಡರಷ್ಟೇ ಸಾಲದು. ಅದನ್ನು ತೆರೆಯಬಲ್ಲ ಹಳೆಯ ವ್ಯವಸ್ಥೆಯ ಪ್ರತಿಯೂ ಇರಬೇಕು. ಅಂತಹ ಪ್ರತಿಯನ್ನು ವರ್ಚುವಲ್ ಯಂತ್ರದಲ್ಲಿ ಅಳವಡಿಸಿ ಅಂತರ್ಜಾಲದಿಂದ ದೂರವಿಡುವುದು ಅಷ್ಟೇನೂ ದುಬಾರಿಯಲ್ಲ.

ಕಂಪನಿಗಳಿಗೆ ಇನ್ನೊಂದು ಕಟ್ಟಲೆಯಿದೆ. 2023ರ ಏಪ್ರಿಲ್ 1ರಿಂದ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವುದು ಕಡ್ಡಾಯ. ಆ ಸೌಲಭ್ಯವುಳ್ಳ ಆವೃತ್ತಿ ಹಳೆಯ ಸರ್ವರ್‌ನಲ್ಲಿ ಓಡದು ಎಂದಾದರೆ ಮುಂದೂಡಲು ದಾರಿಯಿಲ್ಲ.

ಆದುದರಿಂದ ಒಪ್ಪಂದ ನವೀಕರಿಸುವ ಮುನ್ನ ಮಾರಾಟಗಾರರಿಂದ ಲಿಖಿತ ಉತ್ತರ ಪಡೆಯಿರಿ: ಯಾವ ಆಪರೇಟಿಂಗ್ ಸಿಸ್ಟಂ, ರನ್‌ಟೈಮ್‌ನ ಯಾವ ಆವೃತ್ತಿ, ಯಾವ ದಿನಾಂಕದವರೆಗೆ? ದೂರವಾಣಿಯಲ್ಲಿ ‘ಎಲ್ಲಾ ಆಗುತ್ತದೆ ಸಾರ್’ ಎಂದರೆ ಅದು ಉತ್ತರವಲ್ಲ. ಹೊಸ ವಿಂಡೋಸ್ ಸರ್ವರ್ ಕೊಳ್ಳುವಾಗ ಅದನ್ನು ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಗಣಕಕ್ಕೆ ಪ್ರತ್ಯೇಕ ಪರವಾನಗಿ ಬೇಕು. 2012ರ ಪರವಾನಗಿ 2022ಕ್ಕೆ ಸಲ್ಲದು. ಕೊಟೇಷನ್‌ನಲ್ಲಿ ಈ ಬಾಬತ್ತು ಕಾಣದಿದ್ದರೆ ಕೇಳಿ ಸೇರಿಸಿಕೊಳ್ಳಿ.