ಬಸ್ಸಿನ ಮೊದಲ ಮೆಟ್ಟಿಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಜನರಿಗೆ ಪ್ರವಾಸವೆಂದರೆ ಬಹುಮಟ್ಟಿಗೆ ಬಸ್ಸೇ. 2010-11ರಲ್ಲಿ ಮಂಜೂರಾದ ಬಾಗಲಕೋಟೆ-ಕುಡಚಿ ರೇಲ್ವೆ ಮಾರ್ಗವು ಇನ್ನೂ ಪೂರ್ಣಗೊಂಡಿಲ್ಲ. ನೇಕಾರನು ಪೇಟೆಗೆ, ವಿದ್ಯಾರ್ಥಿಯು ಕಾಲೇಜಿಗೆ, ರೋಗಿಯು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋಗಲು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸನ್ನೇ ಕಾಯುವನು. ಆ ಬಸ್ಸಿನ ಎತ್ತರದ ಮೆಟ್ಟಿಲನ್ನು ಏರಲಾರದವನ ಗತಿಯೇನು?

ಸರಕಾರವು ಅಂಗವಿಕಲರಿಗಾಗಿ ಏನನ್ನೂ ಮಾಡಿಲ್ಲವೆಂದು ನಾವು ಹೇಳಲಾರೆವು. ವಾಸಸ್ಥಳದಿಂದ 100 ಕಿಲೋಮೀಟರುಗಳ ವರೆಗೆ ಸಲ್ಲುವ ರಿಯಾಯತಿಯ ಪಾಸು ಉಂಟು; ಅದರಿಂದ ಅನೇಕರಿಗೆ ಉಪಕಾರವಾಗಿದೆ. ಆದರೆ ಪಾಸು ಖರ್ಚನ್ನು ತಗ್ಗಿಸೀತೇ ಹೊರತು ಕಾಲಿಲ್ಲದವನನ್ನು ಮೇಲಕ್ಕೆತ್ತಲಾರದು. ಕಂಡವರ ತೋಳುಗಳಿಗೆ ಮೈಯೊಪ್ಪಿಸಿ ಬಸ್ಸೇರುವದು ಯಾವ ಸ್ವಾಭಿಮಾನಿಗೂ ಹಿತವಾದ ಮಾತಲ್ಲ; ಹೆಣ್ಣುಮಕ್ಕಳಿಗಂತೂ ಅದು ಅಸಹನೀಯ. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ವೈದ್ಯರ ಬಳಿಗೆ ಹೋಗಬೇಕಾದವನೂ ಮೊದಲು ಬಸ್ಸನ್ನೇ ಏರಬೇಕಲ್ಲವೆ?

ಕಾಯಿದೆಯು ಈ ಸಂಗತಿಯನ್ನು ಯಾರ ದಯೆಗೂ ಬಿಟ್ಟಿಲ್ಲ. ಬಸ್ ನಿಲ್ದಾಣ, ಶೌಚಾಲಯ, ಟಿಕೇಟಿನ ಕಿಂಡಿಗಳೆಲ್ಲ ಅಂಗವಿಕಲರಿಗೆ ಸುಲಭವಾಗಿ ಒದಗುವಂತಿರಬೇಕೆಂದೂ, ಸಾಧ್ಯವಿದ್ದಲ್ಲಿ ಹಳೆಯ ವಾಹನಗಳನ್ನೂ ಮಾರ್ಪಡಿಸಬೇಕೆಂದೂ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 41ನೆಯ ಕಲಮು ವಿಧಿಸುತ್ತದೆ. ಇಂಥ ಅನುಕೂಲತೆಗಳ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಕೂಡದು, ಕಡ್ಡಾಯವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ 8ರಂದು ತೀರ್ಪಿತ್ತಿದೆ.

ಸಾರಿಗೆ ಸಂಸ್ಥೆಗೆ ಇದರ ಬಗೆ ತಿಳಿಯದೆಂದಲ್ಲ. 2018ರಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವೆ ತ್ವರಿತ ಸಾರಿಗೆಯ ಬಸ್ಸುಗಳನ್ನು ಓಡಿಸಲಾರಂಭಿಸಿದ್ದು ಇದೇ ಸಂಸ್ಥೆ. ಅಲ್ಲಿ ನಿಲ್ದಾಣದ ಕಟ್ಟೆಗಳನ್ನು ಬಸ್ಸಿನ ನೆಲಕ್ಕೆ ಸಮನಾಗಿ ಕಟ್ಟಲಾಯಿತು. ಪ್ರಯಾಣಿಕನು ಮೆಟ್ಟಿಲೇರದೆ ನೇರವಾಗಿ ಒಳಗೆ ನಡೆಯಬಹುದಾಯಿತು. ಹಳ್ಳಿಹಳ್ಳಿಯ ನಿಲುಗಡೆಯಲ್ಲಿಯೂ ಅಂಥ ಕಟ್ಟೆ ಕಟ್ಟುವದು ಆಗದ ಮಾತೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ತಾಲೂಕಿನ ಮುಖ್ಯ ನಿಲ್ದಾಣದಲ್ಲಿ ಗಾಲಿಕುರ್ಚಿ ಸಾಗುವಷ್ಟು ಇಳಿಜಾರು, ಅದರೊಳಗೆ ಹಿಡಿಸುವ ಶೌಚಾಲಯ, ಕುರುಡರಿಗಾಗಿ ಬಸ್ಸು ಹೋಗುವ ಊರಿನ ಹೆಸರನ್ನು ಕೂಗಿ ಹೇಳುವ ಏರ್ಪಾಡು, ಇವು ಅಸಾಧ್ಯವೆ? ಬಾಗಲಕೋಟೆಯ ಆಸ್ಪತ್ರೆಗೆ ಹೋಗುವವರಿಗಾಗಿ ಪ್ರತಿಯೊಂದು ತಾಲೂಕಿನಿಂದ ದಿನಕ್ಕೊಂದಾದರೂ ತಗ್ಗುನೆಲದ ಬಸ್ಸು ಗೊತ್ತಾದ ವೇಳೆಗೆ ಹೊರಡಬಾರದೆ?

ಮೆಟ್ಟಿಲು ತಗ್ಗಿದರೆ ಲಾಭವು ಅಂಗವಿಕಲರಿಗಷ್ಟೇ ಅಲ್ಲ; ಮುದುಕರಿಗೂ ಬಸುರಿಯರಿಗೂ ಮೂಟೆ ಹೊತ್ತ ರೈತನಿಗೂ ಉಂಟು. ಸಂಸ್ಥೆಯ ಅಧಿಕಾರಿಗಳೂ ಊರಾಡಳಿತಗಳೂ ಕೂಡಿ ನಿಲ್ದಾಣಗಳನ್ನು ಪರಿಶೀಲಿಸಬೇಕು. ಯಾವ ಕೆಲಸವು ಯಾವ ತಿಂಗಳಿಗೆ ಮುಗಿಯುವದೆಂಬುದನ್ನು ನಿಲ್ದಾಣದ ಹಲಗೆಯ ಮೇಲೆಯೇ ಬರೆಯಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.