ತಪ್ಪು ಎಲೆಯದಲ್ಲ, ಪಣದ್ದು
ಮನೆಮಂದಿಗೆ ನಾಲ್ಕು ತಾಲ್ಲೂಕಿನ ಆಟ

"ಮನ್ಯಾಗ ಇಸ್ಪೇಟ ತಂದ್ರ ಒಲೀಗೆ ಹಾಕತೀನಿ!" ಹಾನಗಲ್ಲದಿಂದ ಹಿರೇಕೆರೂರಿನ ತನಕ ಹಿರಿಯರ ಬಾಯಲ್ಲಿ ಬರುವ ಮಾತು ಇದೇ. ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಅಂದರ್-ಬಾಹರ್ ಆಡಿ ಪೀಕಿನ ರೊಕ್ಕ ಕಳೆದುಕೊಂಡವರನ್ನು ಕಾಣದ ಊರು ಯಾವುದು? ಸಾರ್ವಜನಿಕ ಜಾಗದಲ್ಲಿ ಜೂಜಾಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಅಪರಾಧ. ಮೊಬೈಲಿನಲ್ಲಿ ರೊಕ್ಕ ಕಟ್ಟಿ ಆಡುವ ಆಟಗಳನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು.

ಆದರೆ ತಪ್ಪು ಎಲೆಯದೋ, ಪಣದ್ದೋ?

ಅರಸನೇ ಕಟ್ಟಿದ ಆಟ

ಎಲೆಯಾಟವನ್ನು ಸ್ವತಃ ಕೂತು ಕಟ್ಟಿದ ಅರಸ ನಮ್ಮ ನಾಡಿನಲ್ಲೇ ಇದ್ದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 'ಛದ' ಎಂಬ ಹೆಸರಿನಲ್ಲಿ ಹದಿಮೂರು ಬಗೆಯ ಎಲೆಯಾಟ ರೂಪಿಸಿದರು. ಚಿಕ್ಕ ಕಟ್ಟಿನಲ್ಲಿ 36 ಎಲೆ, ದೊಡ್ಡದರಲ್ಲಿ 360! ಅವುಗಳ ವಿವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಭಾಗದಲ್ಲಿದೆ. ಇವೆಲ್ಲ ಗಂಜೀಫಾ ಎಂಬ ಹಳೆಯ ಆಟದ ಕುಲದವು. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ, ಬಣಕ್ಕೆ ಹನ್ನೆರಡು ಎಲೆ: ರಾಜ, ಪ್ರಧಾನಿ, ಒಂದರಿಂದ ಹತ್ತು.

ನಮ್ಮೂರ ಕಟ್ಟು

ಇದೇ ಲೆಕ್ಕವನ್ನು ನಾಲ್ಕು ತಾಲ್ಲೂಕಿಗೆ ಇಳಿಸಿದರೆ ಮನೆಗೆ ಸಾಕಾಗುವ ಕಟ್ಟು ಸಿಗುತ್ತದೆ. ಹಾನಗಲ್ಲಿಗೆ ಮಾವಿನಕಾಯಿ, ಶಿಗ್ಗಾಂವಿಗೆ ಶರೀಫರ ತಂಬೂರಿ, ಸವಣೂರಿಗೆ ವೀಳ್ಯದೆಲೆ, ಹಿರೇಕೆರೂರಿಗೆ ಗೋವಿನಜೋಳದ ತೆನೆ ಗುರುತು. ರಾಜನ ಎಲೆಗೆ ತಾರಕೇಶ್ವರ ಗುಡಿ, ಬಾಡದ ಕನಕದಾಸರು, ಸವಣೂರ ನವಾಬ, ಸರ್ವಜ್ಞ. ಪ್ರಧಾನಿಗೆ ಗಂಗೂಬಾಯಿ ಹಾನಗಲ್, ಶಿಶುನಾಳ ಶರೀಫರು, ವಿ.ಕೃ. ಗೋಕಾಕ, ಮದಗದ ಕೆರೆ. ಓದಲು ಬಾರದ ಕೂಸೂ ಗುರುತು ಎಣಿಸಿ ಆಡಬಹುದು.

ಒಟ್ಟು 48 ಎಲೆ. ಮೂವರಾದರೆ ತಲೆಗೆ 16, ನಾಲ್ವರಾದರೆ 12, ಆರು ಮಂದಿಗೆ 8. ಹೀಗೆ ಕೂತರೆ ಎಲೆ ಉಳಿಯುವುದಿಲ್ಲ.

ಒಬ್ಬರು ಎಲೆ ಇಳಿಸಿದರೆ ಉಳಿದವರು ಅದೇ ಊರಿನ ಎಲೆ ಹಾಕಬೇಕು. ಇಲ್ಲದಿದ್ದರೆ ಬೇರೆಯದು ಹಾಕಬಹುದು, ಆದರೆ ಅದು ಗೆಲ್ಲದು. ಇಳಿಸಿದ ಊರಿನ ದೊಡ್ಡ ಎಲೆಗೆ ಆ ಕೈ, ಗೆದ್ದವರೇ ಮುಂದಿನ ಎಲೆ ಇಳಿಸಬೇಕು. ರಾಜ ಎಲ್ಲಕ್ಕೂ ದೊಡ್ಡವ, ಬಳಿಕ ಪ್ರಧಾನಿ. ಗಂಜೀಫಾದ ಮಜಾ ಇರುವುದು ಇದರ ಕೆಳಗೆ: ಅರ್ಧ ಬಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಹಾನಗಲ್ಲ, ಶಿಗ್ಗಾಂವಿಗೆ ಮೊದಲ ನಿಯಮ. ಸವಣೂರು, ಹಿರೇಕೆರೂರಿಗೆ ತಿರುಗಾಮುರುಗಾ. ಇಲ್ಲಿ ಅಜ್ಜನ ಅನುಭವಕ್ಕೂ ಮೊಮ್ಮಗಳ ನೆನಪಿಗೂ ಸರಿಸಮ ಪೈಪೋಟಿ.

ಖರ್ಚೆಷ್ಟು?

ಮದುವೆ ಮುಗಿದ ಮೇಲೆ ಲಗ್ನಪತ್ರಿಕೆಗೆ ಬೆಲೆ ಇಲ್ಲ. ಎಲೆಗೆ ಅದರ ರಟ್ಟೇ ಸಾಕು. ಆದರೆ ಒಂದೊಂದು ಪತ್ರಿಕೆಗೆ ಒಂದೊಂದು ಬಣ್ಣ. ಹಿಂಬದಿ ನೋಡಿಯೇ ಚೂಟಿ ಹುಡುಗರು ಎಲೆ ಗುರುತು ಹಿಡಿದುಬಿಡುತ್ತಾರೆ. ಅದಕ್ಕೇ ಎಲ್ಲಕ್ಕೂ ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ಅಂಟಿಸಿ, ಆಮೇಲೆ ಒಂದೇ ಅಳತೆಗೆ ಕತ್ತರಿಸುವುದು ಒಳ್ಳೆಯದು.

ಚಿತ್ರ ಬರೆಯುವ ಮೊದಲು ರದ್ದಿ ಕಾಗದದ ಚೀಟಿಯಲ್ಲಿ ನಾಲ್ಕಾರು ಆಟ ಆಡಿ ನೋಡಬೇಕು. ಆಟ ಬೇಸರ ತಂದರೆ ಒಂದು ಸಲಕ್ಕೆ ಒಂದೇ ನಿಯಮ ಬದಲಿಸಬೇಕು. ನಾಲ್ಕನ್ನು ಒಮ್ಮೆಲೇ ಬದಲಿಸಿದರೆ ಯಾವುದರಿಂದ ಸುಧಾರಿಸಿತೆಂದು ತಿಳಿಯದು. ಒಪ್ಪಿದ ನಿಯಮಗಳನ್ನು ಹಾಳೆಯಲ್ಲಿ ಬರೆದಿಟ್ಟರೆ ಜಗಳಕ್ಕೆ ಜಾಗವಿಲ್ಲ.

ಲೆಕ್ಕಕ್ಕೆ ರೊಕ್ಕ ಬೇಡ, ಹುಣಸೆಬೀಜ ಸಾಕು. ಮಕ್ಕಳು ಗೆಲ್ಲುವುದನ್ನೂ ಸೋಲುವುದನ್ನೂ ಹಿರಿಯರ ಎದುರೇ ಕಲಿಯುತ್ತಾರೆ. ಬೀಜ ಡಬ್ಬಿಗೆ ಮರಳುತ್ತದೆ, ಕಿವಿಯೋಲೆ ಕಿವಿಯಲ್ಲೇ ಇರುತ್ತದೆ. ಹೆಚ್ಚೆಂದರೆ ಸೋತವರು ಎಲ್ಲರಿಗೂ ಚಹಾ ಕಾಸಲಿ.